ಬಣ್ಣ ಹಚ್ಚುವ ಮುನ್ನ 48 ಗಂಟೆ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಇಪ್ಪತ್ತೈದು ವರ್ಷಗಳಿಂದ ವೈದ್ಯವೃತ್ತಿಯಲ್ಲಿದ್ದೇನೆ. ಇಲ್ಲಿನ ಕನ್ನಡ ಕೂಟದ ಯುಗಾದಿ, ದೀಪಾವಳಿ ಕಾರ್ಯಕ್ರಮಗಳಲ್ಲಿ ಊಟದ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಪರಿಚಿತರು ಬಂದು ಸಲಹೆ ಕೇಳುವುದು ರೂಢಿ. ಗಂಡಸರು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್ ಕುರಿತು ಕೇಳುತ್ತಾರೆ. ಹೆಂಗಸರೂ ಅವನ್ನೇ ಕೇಳುತ್ತಾರೆ, ಕೇಳಿ ಮುಗಿದ ಮೇಲೆ ಸುತ್ತಲೂ ಒಮ್ಮೆ ನೋಡಿ, ದನಿ ತಗ್ಗಿಸಿ, "ಡಾಕ್ಟ್ರೇ, ಕೂದಲಿಗೆ ಯಾವ ಬಣ್ಣ ಹಚ್ಚಬಹುದು?" ಎನ್ನುತ್ತಾರೆ. ಇತ್ತೀಚೆಗೆ ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಬರುತ್ತಿದೆ: "ನೀವು ಯಾಕೆ ಹಚ್ಚುವುದನ್ನು ಬಿಟ್ಟುಬಿಟ್ಟಿರಿ?"

ಎರಡೂ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಬರೆಯೋಣವೆನಿಸಿತು. ಪ್ರಸಾಧನದ ವಿಷಯವನ್ನು ವೈದ್ಯರು ಹಗುರವಾಗಿ ನೋಡುತ್ತಾರೆ. ಅಂಗಡಿಯವರು ಅತಿ ಗಂಭೀರವಾಗಿ ನೋಡುತ್ತಾರೆ. ನಡುವೆ ಸಿಕ್ಕಿಕೊಂಡವಳು ಬೆಳಿಗ್ಗೆ ಮಕ್ಕಳ ಡಬ್ಬಿ ಕಟ್ಟಿ, ಏಳು ಗಂಟೆಗೆ ಕಾರು ಹತ್ತುವ ಹೆಣ್ಣುಮಗಳು. ಆಕೆಗೆ ಬೇಕಾಗಿರುವುದು ಬೇಗ ಮುಗಿಯುವ, ಹಾನಿ ಮಾಡದ ಒಂದು ಪದ್ಧತಿ. ನಾನು ಈ ಪಾಠವನ್ನು ಪುಸ್ತಕದಿಂದ ಕಲಿತದ್ದಕ್ಕಿಂತ ನನ್ನ ಮುಖದ ಮೇಲೆಯೇ ಕಲಿತದ್ದು ಹೆಚ್ಚು.

ಅಮ್ಮನ ಶಾಂತಿ, ಮಗಳ ಊದಿದ ಕಣ್ಣು

ನನಗೆ ಮೊದಲ ನರೆಗೂದಲು ಕಂಡದ್ದು ಮೂವತ್ತೊಂದನೆಯ ವಯಸ್ಸಿನಲ್ಲಿ, ರೆಸಿಡೆನ್ಸಿಯ ಕಾಲದಲ್ಲಿ. ಶಿವಮೊಗ್ಗದಿಂದ ಅಮ್ಮ ಫೋನು ಮಾಡಿದಾಗಲೆಲ್ಲ, "ಇಷ್ಟು ಬೇಗ ಮುದುಕಿ ಹಾಗೆ ಕಾಣ್ತೀಯಲ್ಲೇ, ಒಂದಿಷ್ಟು ಬಣ್ಣ ಹಚ್ಚಿಕೊಳ್ಳಬಾರದಾ?" ಎನ್ನುತ್ತಿದ್ದಳು. ಹಚ್ಚತೊಡಗಿದೆ. ಇಪ್ಪತ್ತು ವರ್ಷ, ಮೂರು ವಾರಕ್ಕೊಮ್ಮೆ, ಭಾನುವಾರ ರಾತ್ರಿ, ಬಚ್ಚಲುಮನೆಯ ಕನ್ನಡಿಯ ಮುಂದೆ. ಪೆಟ್ಟಿಗೆಯೊಳಗಿನ ಸೂಚನಾಪತ್ರವನ್ನು ಮೊದಲ ಸಲ ಓದಿದ್ದೇನೋ ಇಲ್ಲವೋ ನೆನಪಿಲ್ಲ.

ಮೂರು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ಅಮ್ಮನ ಸಹಸ್ರಚಂದ್ರ ದರ್ಶನ ಶಾಂತಿ ನಿಶ್ಚಯವಾಗಿತ್ತು. ಶನಿವಾರದ ವಿಮಾನ, ಮಂಗಳವಾರ ಶಾಂತಿ. ಗುರುವಾರ ಕೆಲಸ ಮುಗಿಸಿ ಮನೆಗೆ ಬಂದಾಗ ರಾತ್ರಿ ಒಂಬತ್ತು. ಮನೆಯಲ್ಲಿ ಎಂದಿನ ಬಣ್ಣದ ಪೆಟ್ಟಿಗೆ ಮುಗಿದಿತ್ತು. ಬೆಂಗಳೂರಿನಿಂದ ಬಂದಿದ್ದ ಅತಿಥಿಯೊಬ್ಬರು ಕೊಟ್ಟುಹೋಗಿದ್ದ ಕಪ್ಪು ಮೆಹಂದಿಯ ಪುಡಿ ಪೊಟ್ಟಣಗಳು ಕಪಾಟಿನಲ್ಲಿದ್ದವು. ಪೊಟ್ಟಣದ ಮೇಲೆ ಹಸಿರು ಎಲೆಗಳ ಚಿತ್ರವಿತ್ತು. ಎಲೆಯಿಂದ ಮಾಡಿದ್ದು ಏನು ಮಾಡೀತು ಎಂದುಕೊಂಡು ಕಲಸಿ ಹಚ್ಚಿದೆ.

ಶುಕ್ರವಾರ ಬೆಳಿಗ್ಗೆ ಕಿವಿಯ ಹಿಂದೆ ತುರಿಕೆ. ಮಧ್ಯಾಹ್ನದ ಹೊತ್ತಿಗೆ ಹಣೆಯ ಅಂಚಿನಲ್ಲಿ ಉರಿ. ಶನಿವಾರ ಎದ್ದಾಗ ರೆಪ್ಪೆಗಳು ಊದಿ ಎಡಗಣ್ಣು ಪೂರ್ತಿ ಮುಚ್ಚಿಹೋಗಿತ್ತು, ಬಲಗಣ್ಣು ಒಂದು ಗೆರೆಯಷ್ಟು ತೆರೆದಿತ್ತು. ತಲೆಯ ಚರ್ಮದಿಂದ ನೀರು ಜಿನುಗುತ್ತಿತ್ತು. ಪಾಸ್‌ಪೋರ್ಟಿನ ಚಿತ್ರಕ್ಕೂ ನನ್ನ ಮುಖಕ್ಕೂ ಸಂಬಂಧವೇ ಇರಲಿಲ್ಲ. ಸಹೋದ್ಯೋಗಿ ಚರ್ಮತಜ್ಞೆ ನೋಡಿ, ಸ್ಟಿರಾಯ್ಡ್ ಮಾತ್ರೆ ಬರೆದುಕೊಟ್ಟು, "ಈ ಸ್ಥಿತಿಯಲ್ಲಿ ನಿನ್ನ ರೋಗಿಯನ್ನು ನೀನು ವಿಮಾನ ಹತ್ತಲು ಬಿಡುತ್ತೀಯಾ?" ಎಂದು ಕೇಳಿದರು. ನಾನು ವಿಮಾನ ಹತ್ತಲಿಲ್ಲ.

ಅಮ್ಮನ ಶಾಂತಿಯನ್ನು ನಾನು ನೋಡಿದ್ದು ನಮ್ಮ ಸೋಮವಾರ ರಾತ್ರಿ ಹನ್ನೊಂದು ಗಂಟೆಗೆ, ಮೊಬೈಲಿನಲ್ಲಿ, ಅರ್ಧ ತೆರೆದ ಒಂದೂವರೆ ಕಣ್ಣಿನಿಂದ. ಕಲಶದ ನೀರು ಹಾಕುವಾಗ ಅಣ್ಣ ಮೊಬೈಲನ್ನು ಅಮ್ಮನ ಮುಖದ ಹತ್ತಿರ ಹಿಡಿದ. ಅಮ್ಮ ನನ್ನ ಮುಖ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಬಿಳಿ ಕೂದಲಲ್ಲೇ ಬರಬಹುದಿತ್ತಲ್ಲೇ," ಎಂದಳು.

ಮುಚ್ಚಿಡಬಾರದ ಮಾತೊಂದಿದೆ. ಹಿಂದಿನ ಎರಡು ಮೂರು ಸಲ ಬಣ್ಣ ಹಚ್ಚಿದ ಮರುದಿನ ನೆತ್ತಿ ತುರಿಸಿತ್ತು. ಚಳಿಗಾಲದ ಒಣಹವೆ ಇರಬೇಕು, ಶಾಂಪೂ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ರೋಗಿಯೊಬ್ಬರು ಹಾಗೆಂದಿದ್ದರೆ ತಕ್ಷಣ ನಿಲ್ಲಿಸಿ ಎನ್ನುತ್ತಿದ್ದೆ.

ಎಲೆಯ ಚಿತ್ರದ ಹಿಂದೆ ಏನಿದೆ?

ಕೂದಲನ್ನು ಶಾಶ್ವತವಾಗಿ ಕಪ್ಪಾಗಿಸುವ ಬಹುತೇಕ ಬಣ್ಣಗಳಲ್ಲಿ ಇರುವ ರಾಸಾಯನಿಕದ ಹೆಸರು ಪ್ಯಾರಾಫಿನೈಲೀನ್‌ಡೈಅಮೀನ್, ಸಂಕ್ಷೇಪವಾಗಿ ಪಿಪಿಡಿ. ಹೈಡ್ರೋಜನ್ ಪೆರಾಕ್ಸೈಡಿನಂಥ ಉತ್ಕರ್ಷಕದೊಡನೆ ಸೇರಿದಾಗ ಇದು ಕೂದಲಿನ ಒಳಗೆ ಬಣ್ಣವಾಗಿ ಬಲಿಯುತ್ತದೆ. ಆದ್ದರಿಂದಲೇ ತೊಳೆದರೂ ಹೋಗುವುದಿಲ್ಲ. ಇದೇ ಪಿಪಿಡಿ ಚರ್ಮದ ಅಲರ್ಜಿಗೆ ಹೆಸರಾದ ವಸ್ತುವೂ ಹೌದು. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘವು 2006ರಲ್ಲಿ ಇದನ್ನು 'ವರ್ಷದ ಅಲರ್ಜಿಕಾರಕ'ವೆಂದು ಹೆಸರಿಸಿತ್ತು.

ಈ ಅಲರ್ಜಿಯ ಸ್ವಭಾವ ವಿಚಿತ್ರ. ಹತ್ತು, ಇಪ್ಪತ್ತು ವರ್ಷ ಏನೂ ಆಗದೆ ಇದ್ದವರಿಗೆ ಒಂದು ದಿನ ಆಗಬಹುದು. ಪ್ರತಿ ಸಲದ ಬಳಕೆಯೂ ದೇಹದ ರೋಗನಿರೋಧಕ ವ್ಯವಸ್ಥೆಗೆ ಆ ವಸ್ತುವಿನ ಪರಿಚಯ ಮಾಡಿಸುತ್ತದೆ. ಯಾವ ಸಲ ಅದು ಶತ್ರುವೆಂದು ತೀರ್ಮಾನಿಸುತ್ತದೆಂದು ಹೇಳಲಾಗದು. ಒಮ್ಮೆ ತೀರ್ಮಾನಿಸಿದ ಮೇಲೆ ಸಾಮಾನ್ಯವಾಗಿ ಜೀವನಪರ್ಯಂತ ಮರೆಯುವುದಿಲ್ಲ. "ಇಷ್ಟು ವರ್ಷ ಏನೂ ಆಗಿಲ್ಲವಲ್ಲ" ಎಂಬ ಮಾತು ಇಲ್ಲಿ ರಕ್ಷಣೆಯಲ್ಲ.

ಇನ್ನು ಹೆಸರುಗಳ ಮೋಸ. ಶುದ್ಧ ಗೋರಂಟಿ ಸೊಪ್ಪಿನ ಪುಡಿ ಕಿತ್ತಳೆ, ಕೆಂಪು, ಕಂದು ಬಣ್ಣಗಳನ್ನು ಕೊಡುತ್ತದೆಯೇ ಹೊರತು ಕಪ್ಪನ್ನು ಕೊಡಲಾರದು. ಅರ್ಧ ಗಂಟೆಯಲ್ಲಿ ಕಡುಗಪ್ಪು ಬಣ್ಣ ಕೊಡುವ ಮೆಹಂದಿಯಲ್ಲಿ ಗೋರಂಟಿಯ ಜೊತೆಗೆ ಪಿಪಿಡಿ ಇದೆಯೆಂದೇ ತಿಳಿಯಬೇಕು. ಮದುವೆಮನೆಗಳಲ್ಲೂ ಪ್ರವಾಸಿ ತಾಣಗಳಲ್ಲೂ ಕೈಗೆ ಹಾಕುವ ಕಪ್ಪು ಮೆಹಂದಿಗೂ ಇದೇ ಮಾತು. ಅಲ್ಲಿ ಅಲರ್ಜಿ ಅಂಟಿಸಿಕೊಂಡ ಹುಡುಗಿಗೆ ಮುಂದೆ ಕೂದಲ ಬಣ್ಣ ಹಚ್ಚಿದ ಮೊದಲ ದಿನವೇ ಮುಖ ಊದಬಹುದು. 'ಅಮೋನಿಯಾರಹಿತ' ಎಂದು ಬರೆದಿದ್ದರೆ ಅದರಲ್ಲಿ ಅಮೋನಿಯಾ ಇಲ್ಲವೆಂದಷ್ಟೇ ಅರ್ಥ. ಪಿಪಿಡಿ ಇಲ್ಲವೆಂದು ಅರ್ಥವಲ್ಲ. 'ಗಿಡಮೂಲಿಕೆ', 'ಆಯುರ್ವೇದ' ಎಂಬ ಪದಗಳನ್ನು ಓದಿ ನಿಲ್ಲಿಸದೆ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಬೇಕು.

ಅಮೆರಿಕದಲ್ಲಿ ಎಲ್ಲವೂ ಸರಕಾರದ ಪರೀಕ್ಷೆಯಾಗಿಯೇ ಅಂಗಡಿಗೆ ಬರುತ್ತದೆಂದು ಊರಿನವರು ನಂಬಿರುತ್ತಾರೆ. ಕೂದಲ ಬಣ್ಣದ ಮಟ್ಟಿಗೆ ಅದು ನಿಜವಲ್ಲ. 1933ರ ಸುಮಾರಿಗೆ ಇಲ್ಲಿ 'ಲ್ಯಾಶ್ ಲ್ಯೂರ್' ಎಂಬ ರೆಪ್ಪೆಗೂದಲ ಬಣ್ಣದಿಂದ ಕೆಲವು ಹೆಂಗಸರು ಕಣ್ಣು ಕಳೆದುಕೊಂಡರು. ಅದರಲ್ಲಿದ್ದುದೂ ಪಿಪಿಡಿಯೇ. ಇಂಥ ಪ್ರಕರಣಗಳ ಹಿನ್ನೆಲೆಯಲ್ಲಿ 1938ರಲ್ಲಿ ಆಹಾರ, ಔಷಧ, ಪ್ರಸಾಧನಗಳ ಹೊಸ ಕಾನೂನು ಬಂತು. ಆದರೆ ಅದೇ ಕಾನೂನು ತಲೆಗೂದಲ ಬಣ್ಣಗಳಿಗೆ ವಿನಾಯಿತಿಯನ್ನೂ ಕೊಟ್ಟಿತು: ಎಚ್ಚರಿಕೆಯ ಮಾತು ಮತ್ತು ಚರ್ಮಪರೀಕ್ಷೆಯ ಸೂಚನೆ ಮುದ್ರಿಸಿದ್ದರೆ ಸಾಕು, ಪೂರ್ವಾನುಮತಿ ಬೇಕಿಲ್ಲ. ಅಂದರೆ ಪರೀಕ್ಷೆಯ ಹೊಣೆಯನ್ನು ಕಾನೂನು ಬಳಸುವವಳ ಕೈಗೇ ಕೊಟ್ಟಿದೆ. ನಾವು ಆ ಚೀಟಿಯನ್ನು ಓದದೆ ಕಸದ ಬುಟ್ಟಿಗೆ ಹಾಕುತ್ತೇವೆ.

ಪರೀಕ್ಷೆ ಹೇಗೆ, ಯಾವಾಗ?

ಕಲಸಿದ ಬಣ್ಣವನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಮೊಣಕೈಯ ಒಳಮಡಿಕೆಗೆ ಅಥವಾ ಕಿವಿಯ ಹಿಂದೆ ಬೊಟ್ಟಿನಷ್ಟು ಹಚ್ಚಿ, ಎರಡು ದಿನ ಬಿಡಬೇಕು. ತುರಿಕೆ, ಉರಿ, ಕೆಂಪು, ಗುಳ್ಳೆ ಯಾವುದು ಕಂಡರೂ ಆ ಬಣ್ಣ ನಿಮ್ಮದಲ್ಲ. ಏನೂ ಕಾಣದಿದ್ದರೆ ಮುಂದುವರಿಯಬಹುದು. ಹಳೆಯ ಬ್ರ್ಯಾಂಡೇ ಆದರೂ ಪ್ರತಿ ಸಲವೂ ಇದನ್ನು ಮಾಡಬೇಕು. ಹಿಂದೆ ಒಮ್ಮೆ ಬಣ್ಣದಿಂದ ಮುಖವೋ ಕಣ್ಣೋ ಊದಿದ್ದವರು ಮಾತ್ರ ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಿಕೊಳ್ಳದೆ ಚರ್ಮತಜ್ಞರ ಬಳಿ ಹೋಗಬೇಕು.

ಬಿಡುವಿಲ್ಲದವರಿಗೆ ನಾನು ಹೇಳುವ ಲೆಕ್ಕ ಸರಳ. ಮದುವೆ, ಗೃಹಪ್ರವೇಶ, ಊರಿನ ಪ್ರಯಾಣ ಏನೇ ಇರಲಿ, ಹತ್ತು ದಿನ ಮೊದಲು ಪರೀಕ್ಷೆ, ಒಂದು ವಾರ ಮೊದಲು ಬಣ್ಣ. ಹೊಸ ಬಣ್ಣವನ್ನು ಹಿಂದಿನ ರಾತ್ರಿ ಎಂದಿಗೂ ಪ್ರಯೋಗಿಸಬಾರದು.

ಹಚ್ಚುವಾಗ ಕೈಗವಸು ಹಾಕಿ. ಹಣೆಯಂಚು, ಕಿವಿಗಳಿಗೆ ವ್ಯಾಸಲೀನ್ ಸವರಿ. ಹೇಳಿದ ಹೊತ್ತಿಗಿಂತ ಹೆಚ್ಚು ಬಿಡಬೇಡಿ. ಸೀರಿಯಲ್ ಮುಗಿಯಲಿ ಎಂದು ಕಾಯುವಂಥದ್ದಲ್ಲ ಇದು. ನೆತ್ತಿಯಲ್ಲಿ ಗಾಯ, ಕಜ್ಜಿ ಇದ್ದರೆ ಮುಂದೂಡಿ. ಕೂದಲು ನೇರ ಮಾಡಿಸಿದ್ದರೆ, ಬ್ಲೀಚ್ ಮಾಡಿಸಿದ್ದರೆ ಕನಿಷ್ಠ ಹದಿನಾಲ್ಕು ದಿನ ಬಿಟ್ಟು ಹಚ್ಚಿ. ಹುಬ್ಬಿಗೂ ರೆಪ್ಪೆಗೂ ತಲೆಯ ಬಣ್ಣವನ್ನು ಮುಟ್ಟಿಸಲೇಬೇಡಿ. ಹಚ್ಚಿದ ಮೇಲೆ ಮುಖ, ನಾಲಿಗೆ ಊದಿದರೆ ಅಥವಾ ಉಸಿರಾಟ ಕಷ್ಟವಾದರೆ ಕಾಯದೆ 911ಕ್ಕೆ ಕರೆ ಮಾಡಿ. ಪಿಪಿಡಿ ಅಲರ್ಜಿ ಇರುವವರು ಅದನ್ನು ವೈದ್ಯರಿಗೂ ದಂತವೈದ್ಯರಿಗೂ ತಿಳಿಸಬೇಕು. ಬೆಂಜೊಕೇನ್ ಎಂಬ ಅರಿವಳಿಕೆಯಂಥ ಕೆಲವು ಬಂಧು ರಾಸಾಯನಿಕಗಳಿಗೂ ಅವರ ಚರ್ಮ ಕೆರಳಬಹುದು.

ಕ್ಯಾನ್ಸರ್ ಬರುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಗೊತ್ತಿರುವಷ್ಟನ್ನು ಹೇಳುತ್ತೇನೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2010ರ ವರದಿಯು ದಿನವಿಡೀ ಬಣ್ಣದಲ್ಲಿ ಕೈಯಾಡಿಸುವ ಕೇಶವಿನ್ಯಾಸಕರ ಕೆಲಸವನ್ನು 'ಸಂಭಾವ್ಯ ಅಪಾಯ'ದ ಪಟ್ಟಿಯಲ್ಲಿರಿಸಿತು. ಮನೆಯಲ್ಲಿ ತಮಗೆ ತಾವೇ ಬಳಸುವುದರ ಬಗ್ಗೆ ತೀರ್ಮಾನಿಸಲು ಸಾಕ್ಷ್ಯ ಸಾಲದು ಎಂದಿತು. 2019ರಲ್ಲಿ ಪ್ರಕಟವಾದ ಅಮೆರಿಕದ 'ಸಿಸ್ಟರ್ ಸ್ಟಡಿ'ಯಲ್ಲಿ ಶಾಶ್ವತ ಬಣ್ಣ ಬಳಸುವವರಲ್ಲಿ ಸ್ತನ ಕ್ಯಾನ್ಸರ್ ಶೇಕಡ 9ರಷ್ಟು ಹೆಚ್ಚು ಕಂಡಿತು, ಕಪ್ಪುವರ್ಣೀಯ ಮಹಿಳೆಯರಲ್ಲಿ ಇನ್ನೂ ಹೆಚ್ಚು. ಮರುವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ, 1,17,200 ದಾದಿಯರನ್ನು 36 ವರ್ಷ ಗಮನಿಸಿದ ಅಧ್ಯಯನದಲ್ಲಿ ಬಹುತೇಕ ಕ್ಯಾನ್ಸರ್‌ಗಳಿಗೆ ಅಂಥ ಸಂಬಂಧ ಕಾಣಲಿಲ್ಲ, ಕೆಲವಕ್ಕೆ ಮಾತ್ರ ಅಲ್ಪ ಏರಿಕೆ ಕಂಡಿತು. ನನ್ನ ಅಭಿಪ್ರಾಯದಲ್ಲಿ ಇದು ರಾತ್ರಿ ನಿದ್ದೆಗೆಡುವಷ್ಟು ಭಯದ ವಿಷಯವಲ್ಲ. ವರ್ಷಕ್ಕೆ ಹದಿನೇಳು ಸಲ ಹಚ್ಚುವುದನ್ನು ಆರು ಸಲಕ್ಕೆ ಇಳಿಸಲು ಒಂದು ಸಕಾರಣ.

ಬಿಡುವಿಲ್ಲದವಳ ನಾಲ್ಕು ದಾರಿಗಳು

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಕಡುಗಪ್ಪು ಬಣ್ಣ ಹಚ್ಚಿದವಳ ಬೈತಲೆಯಲ್ಲಿ ಮೂರನೆಯ ವಾರಕ್ಕೆ ಬಿಳಿ ಗೆರೆ ಎದ್ದು ಕಾಣುತ್ತದೆ. ಕಲಸಿ, ಹಚ್ಚಿ, ಕಾದು, ತೊಳೆದು, ಬಚ್ಚಲು ಉಜ್ಜುವುದಕ್ಕೆ ಎರಡು ಗಂಟೆ ಹಿಡಿದರೆ ವರ್ಷಕ್ಕೆ ಮೂವತ್ತನಾಲ್ಕು ಗಂಟೆ. ಸಲೂನಿನಲ್ಲಿ ಬುಡಕ್ಕೆ ಮಾತ್ರ ಹಚ್ಚಿಸಲು ನಮ್ಮ ಊರಿನಲ್ಲಿ ನೂರು ಡಾಲರಿಗೂ ಮಿಕ್ಕಿ ಕೊಟ್ಟದ್ದಿದೆ, ಟಿಪ್ಸ್ ಬೇರೆ. ಬೆಂಗಳೂರಿನ ಲೆಕ್ಕದಲ್ಲಿ ಬರುವ ಹೊಸಬರು ಇದನ್ನು ಗಮನಿಸಬೇಕು.

ಮೊದಲ ದಾರಿ, ಬಣ್ಣ ಮುಂದುವರಿಸುವುದು, ಆದರೆ ಕಡುಗಪ್ಪನ್ನು ಬಿಟ್ಟು ಕಡುಗಂದಿಗೆ ಇಳಿಯುವುದು. ವಯಸ್ಸಾದಂತೆ ಮುಖದ ಬಣ್ಣವೂ ಮೆದುವಾಗುತ್ತದೆ. ಇದ್ದಿಲಿನಂಥ ಕಪ್ಪು ಅದರ ಮೇಲೆ ಟೋಪಿ ಇಟ್ಟಂತೆ ಕಾಣುತ್ತದೆ. ಒಂದೆರಡು ಛಾಯೆ ತಿಳಿಯಾದರೆ ಬಿಳಿ ಗೆರೆ ಅಷ್ಟು ಎದ್ದು ಕಾಣದೆ ಐದಾರು ವಾರ ಎಳೆಯಬಹುದು. ಅಲ್ಲಲ್ಲಿ ತಿಳಿ ಎಳೆಗಳನ್ನು ಹಾಕಿಸುವ ಹೈಲೈಟ್ ಪದ್ಧತಿಯಲ್ಲಿ ಎರಡು ಮೂರು ತಿಂಗಳು ನಿಶ್ಚಿಂತೆ.

ಎರಡನೆಯದು, ಬುಡ ಮುಚ್ಚುವ ಪುಡಿ ಅಥವಾ ಸ್ಪ್ರೇ. ಮುಖದ ಕಾಂಪ್ಯಾಕ್ಟಿನಂತೆ ಬ್ರಷ್‌ನಿಂದ ಬೈತಲೆಗೂ ಕೆನ್ನೆಯ ಪಕ್ಕದ ಕೂದಲಿಗೂ ಸವರಿದರೆ ಎರಡು ನಿಮಿಷದ ಕೆಲಸ. ತಲೆಗೆ ನೀರು ಹಾಕಿದರೆ ಹೋಗುತ್ತದೆ. ಇವುಗಳಲ್ಲಿ ಸಾಮಾನ್ಯವಾಗಿ ಬಣ್ಣ ಕೊಡುವುದು ಕಬ್ಬಿಣದ ಆಕ್ಸೈಡುಗಳು. ಶುಕ್ರವಾರ ಸಂಜೆ ಕಾರ್ಯಕ್ರಮವಿದ್ದು ಗುರುವಾರ ನೆನಪಾದವರಿಗೆ ಇದೇ ಸರಿಯಾದ ಉತ್ತರ. ಅಂದು ನನಗೆ ಬೇಕಾಗಿದ್ದುದೂ ಇದೇ.

ಮೂರನೆಯದು, ಶುದ್ಧ ಗೋರಂಟಿ. ಕಪ್ಪು ಬೇಕಿದ್ದರೆ ಅದನ್ನು ತೊಳೆದ ಮೇಲೆ ಇಂಡಿಗೊ ಎಲೆಯ ಪುಡಿ. ಒಂದು ಭಾನುವಾರವನ್ನೇ ನುಂಗುವ ಕೆಲಸವಿದು, ಬಿಡುವಿಲ್ಲದವರಿಗೆ ಹೊಂದುವುದು ಕಷ್ಟ. ಪೊಟ್ಟಣದಲ್ಲಿ ಎಲೆಯ ಹೊರತು ಬೇರೇನೂ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಇದಕ್ಕೂ ಚರ್ಮಪರೀಕ್ಷೆ ತಪ್ಪಿದ್ದಲ್ಲ.

ನಾಲ್ಕನೆಯದು, ಬಿಟ್ಟುಬಿಡುವುದು. ಬಿಡುವುದಕ್ಕೂ ಒಂದು ಕ್ರಮವಿದೆ. ಕೂದಲನ್ನು ಭುಜದ ಮಟ್ಟಕ್ಕೆ ಕತ್ತರಿಸಿಕೊಂಡರೆ ಒಂದೂವರೆ, ಎರಡು ವರ್ಷದ ದಾರಿ ಅರ್ಧಕ್ಕಿಳಿಯುತ್ತದೆ. ನಡುವಿನ ತಿಂಗಳುಗಳಲ್ಲಿ ಬುಡದ ಪುಡಿ ಆಸರೆ. ಬಿಳಿಕೂದಲು ಒರಟಾಗಿ ನಿಲ್ಲುವುದರಿಂದ ಸ್ನಾನದ ನಂತರ ಕಂಡೀಷನರ್, ಆಮೇಲೆ ಎರಡು ಹನಿ ಕೊಬ್ಬರಿಎಣ್ಣೆ ಸಾಕು. ಅಲರ್ಜಿಯ ನಂತರ ನಾನು ಹಿಡಿದದ್ದು ಈ ದಾರಿ. ಎಲ್ಲರೂ ಹಿಡಿಯಲೇಬೇಕೆಂದು ನಾನು ಹೇಳುವುದಿಲ್ಲ. ಬಣ್ಣ ಹಚ್ಚುವುದರಲ್ಲಿ ಸಂತೋಷವಿದ್ದರೆ ಅದೂ ಸಂತೋಷವೇ.

ಇಪ್ಪತ್ತೈದರೊಳಗೆ ನರೆ ಬಂದವರು ಬಣ್ಣಕ್ಕೆ ಮೊದಲು ರಕ್ತಪರೀಕ್ಷೆ ಮಾಡಿಸಿ: ಬಿ-12, ಥೈರಾಯ್ಡ್. ನಮ್ಮ ಸಸ್ಯಾಹಾರಿಗಳಲ್ಲಿ ಬಿ-12 ಕೊರತೆಯನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ದೇಶ ಬಿಟ್ಟು ಬಂದ ಎರಡು ಮೂರು ತಿಂಗಳಿಗೆ ಕೂದಲು ಉದುರಿದರೆ ಇಲ್ಲಿನ ನೀರನ್ನಷ್ಟೇ ಬೈಯಬೇಡಿ. ಕಾಯಿಲೆ, ಹೆರಿಗೆ, ತೀವ್ರ ಒತ್ತಡಗಳ ನಂತರ ಅಷ್ಟೇ ತಡವಾಗಿ ಕೂದಲುದುರುವುದು ದೇಹದ ರೀತಿ. ಕಬ್ಬಿಣದಂಶ ಪರೀಕ್ಷಿಸಿ, ಬಹುಪಾಲು ಮರಳಿ ಬೆಳೆಯುತ್ತದೆ.

ಐದು ನಿಮಿಷದ ಮುಖ

ಕೆಲಸಕ್ಕೆಂದು ಇಲ್ಲಿಗೆ ಬರುವ ಹೆಣ್ಣುಮಕ್ಕಳು, "ಆಫೀಸಿಗೆ ಮೇಕಪ್ ಕಡ್ಡಾಯವೇ?" ಎಂದು ಕೇಳುತ್ತಾರೆ. ನಾನು ಕೆಲಸ ಮಾಡಿದ ಕಡೆಗಳಲ್ಲೆಲ್ಲ ಕೇಳಿದ್ದು ಶುಚಿ, ಒಪ್ಪ, ಬಣ್ಣವನ್ನಲ್ಲ. ಆಸ್ಪತ್ರೆಗೆ ಬರುವ ದಾದಿಯರು, ವೈದ್ಯರು ಉಗುರಿನ ನಿಯಮ ತಿಳಿದಿರಲಿ: ತೀವ್ರ ನಿಗಾ ಘಟಕದಂಥ ಕಡೆ ಕೃತಕ ಉಗುರು ಸಲ್ಲದು, ಸ್ವಂತ ಉಗುರೂ ಕಾಲು ಇಂಚಿನೊಳಗಿರಬೇಕು.

ನನ್ನ ಸ್ವಂತ ಕ್ರಮ ಹೀಗಿದೆ. ಮುಖ ತೊಳೆದು ಮಾಯಿಶ್ಚರೈಸರ್. ಮಿಷಿಗನ್ನಿನ ಚಳಿಗಾಲದಲ್ಲಿ ಇದನ್ನು ಬಿಟ್ಟರೆ ಮೇಲೆ ಹಚ್ಚಿದ್ದೆಲ್ಲ ಸುಣ್ಣದಂತೆ ಬಿರುಕು ಬಿಡುತ್ತದೆ. ಅದರ ಮೇಲೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ, ಚರ್ಮದ ಬಣ್ಣ ಬೆರೆತ ಸನ್‌ಸ್ಕ್ರೀನ್. ಇದರಲ್ಲಿರುವ ಕಬ್ಬಿಣದ ಆಕ್ಸೈಡು ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ನಮ್ಮಂಥ ಕಂದು ಚರ್ಮದವರಿಗೆ ಕೆನ್ನೆಯ ಮೇಲೆ ಬರುವ ಬಂಗು ಹೆಚ್ಚದಿರಲು ಬಿಳಿ ಸನ್‌ಸ್ಕ್ರೀನಿಗಿಂತ ಇದು ಮೇಲು. ಫೌಂಡೇಶನ್ನಿನ ಕೆಲಸವನ್ನೂ ಅದೇ ಮಾಡುವುದರಿಂದ ಒಂದು ಡಬ್ಬಿ ಉಳಿಯಿತು. ಕಣ್ಣಿನ ಕೆಳಗಿನ ಕಪ್ಪಿಗೆ ನೇರವಾಗಿ ತಿಳಿಬಣ್ಣದ ಕನ್ಸೀಲರ್ ಹಚ್ಚಿದರೆ ಬೂದಿ ಬಳಿದಂತಾಗುತ್ತದೆ. ಮೊದಲು ಕಿತ್ತಳೆ ಛಾಯೆಯದನ್ನು ಒಂದು ಚುಕ್ಕೆ ತೀಡಿ. ಆಮೇಲೆ ಕಾಡಿಗೆ, ಲಿಪ್‌ಸ್ಟಿಕ್. ಅದೇ ಲಿಪ್‌ಸ್ಟಿಕ್ಕನ್ನು ಬೆರಳ ತುದಿಯಿಂದ ಕೆನ್ನೆಗೂ ಒಂದಿಷ್ಟು. ಐದು ನಿಮಿಷ ಮುಗಿಯಿತು.

ಫೌಂಡೇಶನ್ ಬೇಕೆನ್ನುವವರು ಅದನ್ನು ಮುಂಗೈಗೆ ಹಚ್ಚಿ ನೋಡಬಾರದು. ದವಡೆಯಂಚಿಗೆ ಹಚ್ಚಿ, ಅಂಗಡಿಯ ಹೊರಗೆ ಬಂದು ಹಗಲ ಬೆಳಕಿನಲ್ಲಿ ಕುತ್ತಿಗೆಯ ಬಣ್ಣದೊಡನೆ ಹೋಲಿಸಬೇಕು. ನಾನು ಬಂದ ಹೊಸದರಲ್ಲಿ ನಮ್ಮ ಬಣ್ಣಕ್ಕೆ ಒಪ್ಪುವ ಛಾಯೆ ಸಿಗುವುದೇ ದುರ್ಲಭವಾಗಿತ್ತು. 2017ರಲ್ಲಿ ಫೆಂಟಿ ಬ್ಯೂಟಿ ಒಮ್ಮೆಗೇ 40 ಛಾಯೆಗಳನ್ನು ತಂದ ಮೇಲೆ ಉಳಿದವರೂ ಕಣ್ಣು ತೆರೆದರು. ಈಗ ಊರಿನಿಂದ ಹೊತ್ತು ತರುವ ಅಗತ್ಯವಿಲ್ಲ.

ಮಸ್ಕಾರ ತೆರೆದು ಮೂರು ತಿಂಗಳಾದರೆ ಎಸೆಯಿರಿ. ಕಣ್ಣು ಕೆಂಪಾಗಿ ಸೋಂಕು ತಗುಲಿದ್ದರೆ ಆಗ ಬಳಸಿದ ಕಣ್ಣಿನ ಪ್ರಸಾಧನವನ್ನೆಲ್ಲ ಎಸೆಯಿರಿ. ಅಕ್ಕತಂಗಿಯರಾದರೂ ಕಾಡಿಗೆ ಕಡ್ಡಿ ಹಂಚಿಕೊಳ್ಳಬೇಡಿ. ಎಷ್ಟೇ ದಣಿದಿದ್ದರೂ ರಾತ್ರಿ ಮುಖ ತೊಳೆದು ಮಲಗಿ.

ಸೂಟ್‌ಕೇಸಿನಲ್ಲಿ ತರಬಾರದವು

ಬಾಣಂತನಕ್ಕೆಂದು ಬರುವ ತಾಯಂದಿರಲ್ಲಿ ಒಂದು ವಿನಂತಿ. ಮಗುವಿಗೆಂದು ಕಾಡಿಗೆ, ಸುರ್ಮಾ ತರಬೇಡಿ. ಇಂಥ ಕೆಲವು ಕಾಡಿಗೆಗಳಲ್ಲಿ ಸೀಸವಿರುತ್ತದೆ; ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇದನ್ನು ಬಣ್ಣವಾಗಿ ಬಳಸಲು ಒಪ್ಪಿಲ್ಲ. ಮಗು ಕಣ್ಣುಜ್ಜಿ ಬೆರಳು ಬಾಯಿಗಿಟ್ಟರೆ ಸೀಸ ಹೊಟ್ಟೆಗೆ ಹೋಗುತ್ತದೆ, ಬೆಳೆಯುವ ಮಿದುಳಿಗೆ ಹಾನಿ. ಇಲ್ಲಿ ಒಂದೆರಡು ವರ್ಷದ ಮಕ್ಕಳಿಗೆ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡುತ್ತಾರೆ. 2021ರಿಂದ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಮುಟ್ಟಿದರೇ ಎಚ್ಚರಿಕೆಯ ಗಂಟೆ. ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ಸಾಕು.

ಎರಡನೆಯದು, ಮುಖ ಬೆಳ್ಳಗಾಗಿಸುವ ಕ್ರೀಮುಗಳು. ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡು ತರುವ ಹಲವು ಟ್ಯೂಬುಗಳಲ್ಲಿ ಪ್ರಬಲ ಸ್ಟಿರಾಯ್ಡ್ ಇರುತ್ತದೆ. ಮೊದಲ ತಿಂಗಳು ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಎದ್ದು, ಕೆನ್ನೆಯಲ್ಲಿ ಕೂದಲು ಬೆಳೆಯುತ್ತದೆ. ನಿಲ್ಲಿಸಿದರೆ ಉರಿ ತಾಳಲಾಗದು. ವಿದ್ಯಾರ್ಥಿನಿಯೊಬ್ಬಳು ಊರಿನ ಟ್ಯೂಬು ಮುಗಿದು ಎರಡು ವಾರಕ್ಕೆ ಬೆಂದ ಟೊಮೆಟೊ ಹಣ್ಣಿನಂಥ ಮುಖ ಹೊತ್ತು ನನ್ನ ಮುಂದೆ ಕೂತು ಅತ್ತದ್ದು ನೆನಪಿದೆ. ಹೆಸರಿಲ್ಲದ ಕೆಲವು ಕ್ರೀಮುಗಳಲ್ಲಿ ಪಾದರಸವೂ ಇರುತ್ತದೆ, ಅದು ಮೂತ್ರಪಿಂಡಕ್ಕೆ ವಿಷ. ಹಣೆಯಲ್ಲಿ ಸ್ಟಿಕರ್ ಬೊಟ್ಟಿನ ಜಾಗ ತುರಿಸಿದರೆ, ಬೆಳ್ಳಗಾದರೆ ಅದು ಅಂಟಿನ ದೋಷವಿರಬಹುದು. ಆ ಬೊಟ್ಟನ್ನು ಅಂದೇ ಬಿಡಿ.

ಊರಿನವರಿಗೆ ಒಂದು ಮಾತು

ವಿಡಿಯೊ ಕರೆ ಬಂದ ಮೇಲೆ ನಮ್ಮ ಮುಖಗಳು ಪ್ರತಿ ಭಾನುವಾರ ಊರಿನ ಪರೀಕ್ಷೆಗೆ ಕೂರುತ್ತವೆ. "ಯಾಕೆ ಸೊರಗಿದ್ದೀಯ? ಕೂದಲು ಯಾಕೆ ಹೀಗೆ? ಕಪ್ಪಾಗಿದ್ದೀಯಲ್ಲ?" ಕೇಳುವವರ ಮನಸ್ಸಿನಲ್ಲಿರುವುದು ಅಕ್ಕರೆಯೇ ಎಂದು ನನಗೆ ಗೊತ್ತು. ಸಾವಿರಾರು ಮೈಲಿ ದೂರದಿಂದ ಮುಟ್ಟಿ ನೋಡಲಾಗದ ತಾಯಿ ಕಣ್ಣಿನಿಂದಲೇ ತಡವುತ್ತಾಳೆ. ಆದರೆ ಕೇಳಿಸಿಕೊಳ್ಳುವವಳಿಗೆ ಅದು ಬೇರೆಯಾಗಿ ಕೇಳಿಸುತ್ತದೆ. ಹನ್ನೆರಡು ಗಂಟೆ ದುಡಿದು ಬಂದ ರಾತ್ರಿಯಲ್ಲಿ ಪೊಟ್ಟಣ ಹರಿಯುವ ಕೈಗೆ ಆ ಮಾತಿನ ಒತ್ತಾಸೆಯಿರುತ್ತದೆ. ನನ್ನ ತಪ್ಪನ್ನು ನಾನು ಅಮ್ಮನ ಮೇಲೆ ಹಾಕುತ್ತಿಲ್ಲ. ಸೂಚನೆ ಓದದಿದ್ದವಳು ನಾನೇ, ಎಂ.ಡಿ. ಓದಿದವಳೂ ನಾನೇ. ಆದರೂ, ಮಗಳು ಊರಿಗೆ ಬರುವ ವಾರ ಅವಳ ತಲೆಯ ಬಗ್ಗೆ ಏನೂ ಹೇಳದಿರುವುದು ದೊಡ್ಡ ಉಪಕಾರ.

ಮರುವರ್ಷ ನಾನು ಶಿವಮೊಗ್ಗಕ್ಕೆ ಹೋದಾಗ ತಲೆ ಅರ್ಧ ಬಿಳಿ, ಅರ್ಧ ಕಂದು. ಅಮ್ಮ ಬಾಗಿಲಲ್ಲೇ ನಿಲ್ಲಿಸಿ ನೋಡಿದಳು, ಏನೂ ಹೇಳಲಿಲ್ಲ. ಸಂಜೆ ಎಣ್ಣೆ ಬಟ್ಟಲು ತಂದು ಹಿಂದೆ ಕೂತು ತಲೆ ತಟ್ಟುತ್ತ, "ನಮ್ಮಮ್ಮನದೂ ಥೇಟ್ ಹೀಗೇ ಇತ್ತು ಕಣೇ," ಎಂದಳು. ಶಾಂತಿಯ ದಿನ ನಾನಿರಲಿಲ್ಲವೆಂಬ ಕೊರಗು ಇಬ್ಬರಲ್ಲೂ ಇದೆ, ಅದು ಹೋಗುವಂಥದ್ದಲ್ಲ.

ನಿಮ್ಮ ಮನೆಯ ಸಮಾರಂಭದ ದಿನಾಂಕ ಗೊತ್ತಾದ ಕೂಡಲೇ ಕ್ಯಾಲೆಂಡರಿನಲ್ಲಿ ಹತ್ತು ದಿನ ಹಿಂದಕ್ಕೆ ಎಣಿಸಿ ಒಂದು ಗುರುತು ಹಾಕಿ. ಅಂದು ಕಿವಿಯ ಹಿಂದೆ ಬೊಟ್ಟಿನಷ್ಟು ಬಣ್ಣ ಹಚ್ಚಿ ಎರಡು ದಿನ ಕಾಯಿರಿ. ಕಾಯಲು ಬಿಡುವಿಲ್ಲದಿದ್ದರೆ ಆ ಸಲಕ್ಕೆ ಬಣ್ಣ ಬೇಡ, ಇದ್ದ ಹಾಗೆಯೇ ಹೋಗಿ.